ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್: ಹೆಣ್ಣುಮಕ್ಕಳ ಉಸಿರಿನ ಬಗ್ಗೆ ಅದು ಎಷ್ಟು ಹೇಳುತ್ತದೆ, ಎಷ್ಟು ಬಿಡುತ್ತದೆ

ಸಾವಿರ ರೂಪಾಯಿ ಆಸುಪಾಸಿನ ಆಕ್ಸಿಮೀಟರ್ ಡಬ್ಬಿ ತೆರೆದರೆ ಸಿಗುವುದು ನಾಲ್ಕು ಸಾಮಾನು: ಬಟ್ಟೆ ಒಣಹಾಕುವ ಕ್ಲಿಪ್ಪಿನಂಥ ಯಂತ್ರ, ಕೊರಳಿಗೆ ಹಾಕಿಕೊಳ್ಳುವ ದಾರ, ಟಿವಿ ರಿಮೋಟಿಗೆ ಹಾಕುವಂಥ ಎರಡು ಸಣ್ಣ ಸೆಲ್ಲು, ನಾಲ್ಕು ಮಡಿಕೆಯ ಒಂದು ಕಾಗದ. ಆ ಕಾಗದದಲ್ಲಿ ಸಾಮಾನ್ಯವಾಗಿ ಇರುವುದು 95ರಿಂದ 99 ಬಂದರೆ ಸರಿ ಎಂಬ ಒಂದು ಸಾಲು. ಬೆರಳಿಟ್ಟವರು ಗಂಡಸೋ ಹೆಂಗಸೋ, ಮುಟ್ಟಾಗಿ ಎಷ್ಟು ದಿನವಾಯಿತು, ಏಳು ತಿಂಗಳ ಬಸುರಿಯೋ, ಮುಟ್ಟು ನಿಂತು ಐದು ವರ್ಷವಾಗಿದೆಯೋ, ಕೂತಿರುವುದು ಮಂಗಳೂರಿನಲ್ಲೋ ಲೇಹ್‌ನಲ್ಲೋ, ಇದ್ಯಾವುದೂ ಕಾಗದಕ್ಕೆ ಬೇಕಿಲ್ಲ. ಯಂತ್ರಕ್ಕೂ ಬೇಕಿಲ್ಲ. ಆದರೆ ಉಸಿರಾಟಕ್ಕೆ ಬೇಕು.

ಇದು ಯಾವುದೋ ಒಂದು ಬ್ರ್ಯಾಂಡಿನ ವಿಮರ್ಶೆಯಲ್ಲ. ಔಷಧಿ ಅಂಗಡಿಯಲ್ಲೂ ಆನ್‌ಲೈನ್‌ನಲ್ಲೂ ಸಿಗುವ ಈ ಜಾತಿಯ ಯಂತ್ರವನ್ನು ಚಾರಣಕ್ಕೆ ಹೊರಟ ಹುಡುಗಿ, ಬಸುರಿ, ಗೊರಕೆ ಶುರುವಾದ ಐವತ್ತೈದರ ಹೆಂಗಸು, ಈ ಮೂವರ ಕೈಯಲ್ಲಿ ಇಟ್ಟು ನೋಡಿದ ವಿಮರ್ಶೆ.

ಯಂತ್ರದ ಕೆಲಸ ಸರಳ. ಬೆರಳಿನ ಒಂದು ಬದಿಯಿಂದ ಎರಡು ಬೆಳಕು ಹಾಯಿಸುತ್ತದೆ: 660 ನ್ಯಾನೋಮೀಟರ್ ಆಸುಪಾಸಿನ ಕೆಂಪು, 940 ಆಸುಪಾಸಿನ ಅವಕೆಂಪು. ಆಮ್ಲಜನಕ ಹೊತ್ತ ಹಿಮೊಗ್ಲೋಬಿನ್ ಕೆಂಪು ಬೆಳಕನ್ನು ಹೆಚ್ಚಾಗಿ ಬಿಟ್ಟುಕೊಡುತ್ತದೆ, ಹೊರದ ಹಿಮೊಗ್ಲೋಬಿನ್ ಅದನ್ನು ನುಂಗುತ್ತದೆ. ನಾಡಿ ಬಡಿದಾಗ ಏರಿಳಿಯುವ ಭಾಗವನ್ನಷ್ಟೇ ಹೆಕ್ಕಿ ಲೆಕ್ಕ ಹಾಕಿದರೆ ಅಪಧಮನಿಯ ರಕ್ತದ ಲೆಕ್ಕ ಸಿಗುತ್ತದೆ ಎಂಬ ಉಪಾಯವನ್ನು ಜಪಾನಿನ ತಕುವೊ ಅಯೊಯಾಗಿ 1974ರಲ್ಲಿ ಮಂಡಿಸಿದರು. ಪರದೆಯ ಮೇಲಿನ ಶೇಕಡಾ ಅಂಕಿ ಎಂದರೆ ಹಿಮೊಗ್ಲೋಬಿನ್‌ನ ನೂರು ಸೀಟಿನಲ್ಲಿ ಎಷ್ಟು ತುಂಬಿವೆ ಎಂಬುದು, ಅಷ್ಟೇ. ಬಸ್ಸು ದೊಡ್ಡದೋ ಚಿಕ್ಕದೋ ಹೇಳುವುದಿಲ್ಲ. ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟು ಹೊರಬಿತ್ತು ಎಂಬುದನ್ನಂತೂ ಹೇಳುವುದೇ ಇಲ್ಲ.

ತೊಡಕು ಇರುವುದೇ ಇಲ್ಲಿ. ಹೆಣ್ಣಿನ ಹಾರ್ಮೋನುಗಳು ಮೊದಲು ಕದಲಿಸುವುದು ಆ ಇಂಗಾಲದ ಡೈಆಕ್ಸೈಡನ್ನೇ.

ಇದು ಹೊಸ ಸಂಗತಿಯಲ್ಲ. 1905ರಲ್ಲಿ ಆಕ್ಸ್‌ಫರ್ಡಿನ ಶರೀರವಿಜ್ಞಾನಿಗಳಾದ ಮೇಬಲ್ ಫಿಟ್ಜ್‌ಜೆರಾಲ್ಡ್ ಮತ್ತು ಜಾನ್ ಸ್ಕಾಟ್ ಹಾಲ್ಡೇನ್ ಆರೋಗ್ಯವಂತರ ಶ್ವಾಸಕೋಶದ ಗಾಳಿ ಅಳೆದಾಗ ಡೈಆಕ್ಸೈಡ್ ಒತ್ತಡ ಗಂಡಸರಲ್ಲಿ ಸರಾಸರಿ ಸುಮಾರು 39 ಮಿ.ಮೀ. ಪಾದರಸ, ಹೆಂಗಸರಲ್ಲಿ ಸುಮಾರು 36 ಇತ್ತು. ಅಂದರೆ ಹೆಂಗಸರು ದೇಹದ ಅಗತ್ಯಕ್ಕಿಂತ ತುಸು ಹೆಚ್ಚೇ ಉಸಿರಾಡುತ್ತಾರೆ. 1911ರಲ್ಲಿ ಹಾಲ್ಡೇನ್ ಮತ್ತು ಜೊತೆಯ ಗಂಡಸರು ಕೊಲರಾಡೊದ ಪೈಕ್ಸ್ ಪೀಕ್ ತುದಿಯಲ್ಲಿ ಬೀಡುಬಿಟ್ಟು ಪ್ರಯೋಗ ಮಾಡುತ್ತಿದ್ದಾಗ ಫಿಟ್ಜ್‌ಜೆರಾಲ್ಡ್ ಬೇರೆ ಬೇರೆ ಎತ್ತರದ ಗಣಿ ಊರುಗಳನ್ನು ಸುತ್ತಿ ಅಲ್ಲಿನವರ ಉಸಿರು, ರಕ್ತ ಅಳೆದರು. ಎತ್ತರಕ್ಕೆ ಒಗ್ಗಿದವರ ಬಗ್ಗೆ ಇವತ್ತಿಗೂ ಬಳಕೆಯಲ್ಲಿರುವ ಅಂಕಿಗಳು ಅವು. ಆಕ್ಸ್‌ಫರ್ಡ್ ಅವರಿಗೆ ಗೌರವ ಪದವಿ ಕೊಟ್ಟದ್ದು 1972ರಲ್ಲಿ, ಅವರಿಗೆ ನೂರು ತುಂಬಿದ ವರ್ಷ. 1912ರಲ್ಲಿ ಡೆನ್ಮಾರ್ಕಿನ ಕಾರ್ಲ್ ಹಾಸೆಲ್‌ಬಾಲ್ಕ್ ಬಸುರಿಯರಲ್ಲಿ ಡೈಆಕ್ಸೈಡ್ ಇನ್ನಷ್ಟು ಕೆಳಗಿರುವುದನ್ನು ತೋರಿಸಿದರು.

ಕಾರಣದ ಎಳೆ ಹಿಡಿದರೆ ಸಿಗುವುದು ಪ್ರೊಜೆಸ್ಟರಾನ್ ಎಂಬ ಹಾರ್ಮೋನು. ಮುಟ್ಟಿನ ಚಕ್ರದ ಮೊದಲರ್ಧದಲ್ಲಿ ರಕ್ತದಲ್ಲಿ ಅದರ ಪ್ರಮಾಣ ಮಿಲಿಲೀಟರಿಗೆ ಒಂದು ನ್ಯಾನೋಗ್ರಾಂಗಿಂತ ಕಡಿಮೆ. ಅಂಡ ಹೊರಬಿದ್ದ ಮೇಲಿನ ವಾರದಲ್ಲಿ ಐದು, ಹತ್ತು, ಇಪ್ಪತ್ತರವರೆಗೂ ಏರುತ್ತದೆ. ತುಂಬು ಬಸುರಿಯಲ್ಲಿ ನೂರು ದಾಟುತ್ತದೆ. ಅದು ಮಿದುಳಿನ ಹೈಪೋಥಲಾಮಸ್‌ನಲ್ಲಿರುವ ತನ್ನ ಗ್ರಾಹಕಗಳ, ಅಂದರೆ ಹಾರ್ಮೋನು ಬಂದು ಕೂರುವ ಜಾಗಗಳ ಮೂಲಕ ಉಸಿರಿನ ಕೇಂದ್ರವನ್ನು ಚುರುಕುಗೊಳಿಸುತ್ತದೆ. ಆದರೆ ಆ ಗ್ರಾಹಕಗಳು ಸಾಕಷ್ಟು ತಯಾರಾಗಬೇಕಾದರೆ ಮೊದಲು ಈಸ್ಟ್ರೊಜೆನ್ ಎಂಬ ಇನ್ನೊಂದು ಹಾರ್ಮೋನು ಬಂದು ಹೋಗಿರಬೇಕು. ಈಸ್ಟ್ರೊಜೆನ್ ನೆಲ ಹದ ಮಾಡುತ್ತದೆ, ಪ್ರೊಜೆಸ್ಟರಾನ್ ಬಿತ್ತುತ್ತದೆ. ಬೆಕ್ಕುಗಳ ಮೇಲಿನ ಪ್ರಯೋಗಗಳಲ್ಲಿ ಇವೆರಡನ್ನೂ ಕೂಡಿಸಿ ಕೊಟ್ಟಾಗ, ಆಮ್ಲಜನಕ ಇಳಿದದ್ದನ್ನು ಗುರುತಿಸುವ ಕತ್ತಿನ ಕ್ಯಾರೊಟಿಡ್ ಕಾಯದ ನರವೂ ಹೆಚ್ಚು ಜೋರಾಗಿ ಸಂಕೇತ ಕಳಿಸಿತು. ಹಾಗಾಗಿ ಪರಿಣಾಮ ಎರಡು ಬಗೆ: ಸುಮ್ಮನೆ ಕೂತಾಗಲೂ ಉಸಿರು ತುಸು ಹೆಚ್ಚು, ಆಮ್ಲಜನಕ ಕಡಿಮೆಯಾದಾಗ ಅದಕ್ಕೆ ಕೊಡುವ ಪ್ರತಿಕ್ರಿಯೆಯೂ ತುಸು ಚುರುಕು.

ಎಷ್ಟು ಹೆಚ್ಚು? ಚಕ್ರದ ಎರಡನೇ ಅರ್ಧದಲ್ಲಿ ಡೈಆಕ್ಸೈಡ್ ಸಾಮಾನ್ಯವಾಗಿ 2ರಿಂದ 4 ಮಿ.ಮೀ. ಇಳಿಯುತ್ತದೆ. ಬಸುರಿಯಲ್ಲಿ 40ರ ಹತ್ತಿರ ಇದ್ದದ್ದು 28ರಿಂದ 32ಕ್ಕೆ ಬರುತ್ತದೆ. ಗಮನಿಸಬೇಕಾದದ್ದು ಇನ್ನೊಂದಿದೆ: ನಿಮಿಷಕ್ಕೆ ಎಷ್ಟು ಉಸಿರು ಎಂಬ ಎಣಿಕೆ ಹೆಚ್ಚುಕಡಿಮೆ ಹಾಗೇ ಇರುತ್ತದೆ, ಒಂದೊಂದು ಉಸಿರೂ ಆಳವಾಗುತ್ತದೆ. ಉಸಿರು ಎಣಿಸಿ ಲೆಕ್ಕ ಹೇಳುವ ಕೈಗಡಿಯಾರಗಳಿಗೆ ಈ ಬದಲಾವಣೆ ಸರಿಯಾಗಿ ಸಿಗದಿರುವುದು ಅದಕ್ಕೇ.

ಈಗ ಆಕ್ಸಿಮೀಟರ್ ಇದನ್ನು ಹಿಡಿಯುತ್ತದೆಯೇ? ಲೆಕ್ಕ ಮಾಡಿಯೇ ನೋಡೋಣ. ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಸುಮಾರು 685 ಮಿ.ಮೀ. ಮೂಗಿನೊಳಗೆ ಸೇರುವ ನೀರಾವಿಗೆ 47 ಕಳೆದು, ಉಳಿದದ್ದರಲ್ಲಿ ಶೇ 21 ಆಮ್ಲಜನಕ ಎಂದರೆ 134. ಇದರಿಂದ ಡೈಆಕ್ಸೈಡನ್ನು 0.8ರಿಂದ ಭಾಗಿಸಿ ಕಳೆದರೆ ಶ್ವಾಸಕೋಶದ ಗೂಡುಗಳಲ್ಲಿ ಉಳಿಯುವ ಆಮ್ಲಜನಕ ಸಿಗುತ್ತದೆ. ಡೈಆಕ್ಸೈಡ್ 40 ಇದ್ದಾಗ 84, 36 ಇದ್ದಾಗ 89. ಐದು ಮಿ.ಮೀ. ಲಾಭವೇನೋ ಆಯಿತು. ಆದರೆ ಹಿಮೊಗ್ಲೋಬಿನ್ ಆ ಮಟ್ಟದಲ್ಲಿ ಆಗಲೇ ತುಂಬಿ ಕೂತಿರುತ್ತದೆ, ಆಮ್ಲಜನಕದ ಒತ್ತಡ ಏರಿದಂತೆ ಎಷ್ಟು ಸೀಟು ತುಂಬುತ್ತದೆ ಎಂದು ತೋರಿಸುವ ಅದರ ವಕ್ರರೇಖೆ ಅಲ್ಲಿ ಹಲಗೆಯಷ್ಟು ಚಪ್ಪಟೆ. ಪರದೆಯಲ್ಲಿ ಒಂದು ಅಂಕಿಯ ವ್ಯತ್ಯಾಸವೂ ಕಾಣಲಿಕ್ಕಿಲ್ಲ. ಮನೆಯಲ್ಲಿ ಕೂತು ತಿಂಗಳಿಡೀ ಬೆರಳಿಟ್ಟು ನೋಡುವವರಿಗೆ ಚಕ್ರದ ಗುರುತು ಸಿಗುವುದಿಲ್ಲ. ಸಿಕ್ಕಿತು ಎಂದುಕೊಂಡರೆ ಅದು ಯಂತ್ರದ ತಪ್ಪಿನ ಅಂತರ.

ಅದೇ ಲೆಕ್ಕವನ್ನು ಲೇಹ್‌ಗೆ ಒಯ್ಯಿರಿ. 3,500 ಮೀಟರ್ ಎತ್ತರ, ಒತ್ತಡ ಸುಮಾರು 495. ಒಳಹೋಗುವ ಆಮ್ಲಜನಕ 94. ಡೈಆಕ್ಸೈಡ್ 36 ಇದ್ದವರ ಗೂಡುಗಳಲ್ಲಿ 49, ಹೆಚ್ಚು ಉಸಿರಾಡಿ 32ಕ್ಕೆ ಇಳಿಸಿಕೊಂಡವರಲ್ಲಿ 54. ಲಾಭ ಅದೇ ಐದು ಮಿ.ಮೀ., ಆದರೆ ಈ ಸಲ ವಕ್ರರೇಖೆ ಕಡಿದಾಗಿದೆ. ಪರದೆಯಲ್ಲಿ ಮೂರು ನಾಲ್ಕು ಅಂಕಿ ಮೇಲೆ ಕೆಳಗೆ ಆಗುವಷ್ಟು. ಬೆಂಗಳೂರಿನಲ್ಲಿ ಯಂತ್ರಕ್ಕೆ ಕಾಣದ ಹಾರ್ಮೋನಿನ ಕೆಲಸ ಲೇಹ್‌ನಲ್ಲಿ ಕಾಣಲು ಶುರುವಾಗುತ್ತದೆ.

ಆದರೆ ಇದನ್ನು ಹಿಡಿದುಕೊಂಡು ಮುಟ್ಟಿನ ದಿನ ನೋಡಿ ವಿಮಾನದ ಟಿಕೆಟ್ ತೆಗೆಯಲು ಹೋಗಬೇಡಿ. ನಾಲ್ಕು ಮಿ.ಮೀ. ಎಂಬುದು ಮೇಲ್ಮಿತಿ, ಅನೇಕರಲ್ಲಿ ಎರಡೇ ಇರುತ್ತದೆ. ಅದಕ್ಕೆ ಸಿಗುವ ಲಾಭ ಎರಡು ಅಂಕಿ, ಯಂತ್ರದ ಸ್ವಂತ ತಪ್ಪೇ ಎರಡು ಮೂರು ಅಂಕಿ. ಒಬ್ಬರಿಗೂ ಇನ್ನೊಬ್ಬರಿಗೂ ಹುಟ್ಟಿನಿಂದ ಇರುವ ವ್ಯತ್ಯಾಸ ಇದಕ್ಕಿಂತ ದೊಡ್ಡದು. 4,300 ಮೀಟರ್ ಎತ್ತರದ ಅದೇ ಪೈಕ್ಸ್ ಪೀಕ್ ಮೇಲೆ ಮುಂದೆ ನಡೆದ ಅಧ್ಯಯನಗಳಲ್ಲೂ ಚಕ್ರದ ಹಂತದಿಂದ ದೇಹ ಒಗ್ಗಿಕೊಳ್ಳುವ ರೀತಿ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ಎತ್ತರದ ತಲೆನೋವು, ವಾಕರಿಕೆ ಹೆಂಗಸರಿಗೆ ಕಡಿಮೆ ಎಂದು ನಂಬಿ ಮೈಮರೆಯುವಂತೆಯೂ ಇಲ್ಲ. ಆ ಕಾಯಿಲೆ ಇಬ್ಬರನ್ನೂ ಬಿಡುವುದಿಲ್ಲ.

ಹಾಗಾದರೆ ಚಾರಣದಲ್ಲಿ ಈ ಯಂತ್ರ ಯಾವುದಕ್ಕೆ? ಒಬ್ಬರ ಅಂಕಿಯನ್ನು ಅವರದೇ ನಿನ್ನೆಯ ಅಂಕಿಯ ಜೊತೆ ಹೋಲಿಸುವುದಕ್ಕೆ. ಅದಕ್ಕೂ ಅಳೆಯುವ ಕ್ರಮ ಒಂದೇ ಇರಬೇಕು. ಬೆಳಿಗ್ಗೆ ಚಹಾಕ್ಕೆ ಮುಂಚೆ, ಐದು ನಿಮಿಷ ಒರಗಿ ಕೂತು, ಕೈಯನ್ನು ಕಂಕುಳಲ್ಲೋ ಹೊದಿಕೆಯೊಳಗೋ ಬೆಚ್ಚಗೆ ಮಾಡಿಕೊಂಡು, ಪ್ರತಿದಿನ ಅದೇ ಮಧ್ಯದ ಬೆರಳು, ಕೈ ಎದೆಯ ಮಟ್ಟದಲ್ಲಿ. ಮೊದಲು ಬರುವ ಅಂಕಿಯನ್ನು ಬರೆಯಬೇಡಿ. ಒಂದು ನಿಮಿಷ ಕಾಯ್ದು, ಪರದೆಯಲ್ಲಿ ನಾಡಿಯ ಅಲೆ ಸಮನಾಗಿ ಏರಿಳಿಯತೊಡಗಿದ ಮೇಲೆ ಹತ್ತು ಹದಿನೈದು ಸೆಕೆಂಡ್ ನಿಂತ ಅಂಕಿಯನ್ನು ಬರೆಯಿರಿ. ಮಾತಾಡುತ್ತ ಅಳೆಯಬೇಡಿ. ಎತ್ತರದಲ್ಲಿ ನಾಲ್ಕು ಸಲ ಬೇಕೆಂದೇ ದೀರ್ಘವಾಗಿ ಉಸಿರೆಳೆದರೆ ಅಂಕಿ ಸರ‍್ರನೆ ಐದಾರು ಏರುತ್ತದೆ. ಗುಂಪಿನ ಮುಂದೆ ಅಳೆಯುವಾಗ ಎಷ್ಟೋ ಜನ ಮಾಡುವ ಕಳ್ಳಾಟ ಇದೇ. ಅಂಕಿಯ ಪಕ್ಕದಲ್ಲಿ ಎತ್ತರ, ನಾಡಿ, ಮುಟ್ಟಾಗಿ ಎಷ್ಟನೇ ದಿನ, ತಲೆನೋವು ಇದೆಯೇ ಎಂಬ ನಾಲ್ಕು ಕಲಮು ಇರಲಿ.

ಲೇಹ್ ತಲುಪಿದ ಮೊದಲ ದಿನ ಆರೋಗ್ಯವಂತರಲ್ಲೂ 85ರಿಂದ 92 ಬರಬಹುದು. ಕಾಗದದ 95 ಅಲ್ಲಿ ನಡೆಯುವುದಿಲ್ಲ. ಚಾರಣ ನಡೆಸುವ ಕೆಲವರು ಎಲ್ಲರಿಗೂ ಒಂದೇ ಗೆರೆ ಎಳೆದು, ಇಷ್ಟಕ್ಕಿಂತ ಕಡಿಮೆ ಬಂದರೆ ಕೆಳಗಿಳಿ ಎನ್ನುತ್ತಾರೆ. ಗೆರೆ ಇರುವುದು ಇಲ್ಲದಿರುವುದಕ್ಕಿಂತ ಮೇಲು, ಆದರೆ ತಣ್ಣನೆಯ ಬೆರಳಿನ 78 ಮತ್ತು ನಿಜವಾದ 78ರ ನಡುವೆ ಗೆರೆಗೆ ವ್ಯತ್ಯಾಸ ಗೊತ್ತಿಲ್ಲ. ತೀರ್ಮಾನಕ್ಕೆ ಅಂಕಿಗಿಂತ ಲಕ್ಷಣ ದೊಡ್ಡದು. ಲೇಕ್ ಲೂಯಿಸ್ ಎಂಬ ಅಂಕಪಟ್ಟಿ 2018ರಲ್ಲಿ ಪರಿಷ್ಕೃತವಾಯಿತು: ತಲೆನೋವು, ಹೊಟ್ಟೆ ಕೆಡುವುದು, ಸುಸ್ತು, ತಲೆಸುತ್ತು, ಒಂದೊಂದಕ್ಕೂ ಸೊನ್ನೆಯಿಂದ ಮೂರು ಅಂಕ. ತಲೆನೋವೂ ಇದ್ದು ಒಟ್ಟು ಮೂರು ಅಥವಾ ಹೆಚ್ಚು ಬಂದರೆ ಅದು ಎತ್ತರದ ಕಾಯಿಲೆ. ಅಲ್ಲಿಂದ ಮೇಲೆ ಹತ್ತಬಾರದು. ಮುಟ್ಟಿನ ಮುಂಚಿನ ತಲೆನೋವು, ಹೊಟ್ಟೆನೋವು, ಸುಸ್ತು ಇದರ ಜೊತೆ ಬೆರೆತುಹೋಗುವುದು ಹೆಂಗಸರಿಗಿರುವ ನಿಜವಾದ ಗೊಂದಲ. ಎತ್ತರದಲ್ಲಿರುವ ತನಕ ತಲೆನೋವನ್ನು ಎತ್ತರದ್ದೇ ಎಂದು ಹಿಡಿಯುವುದು ಸುರಕ್ಷಿತ. ಕೂತಲ್ಲೇ ಏದುಸಿರು, ಕೆಮ್ಮು, ಜೊತೆಯವರಿಗಿಂತ ಹತ್ತು ಅಂಕಿ ಕಡಿಮೆ, ಈ ಮೂರೂ ಒಟ್ಟಿಗೆ ಬಂದರೆ ಶ್ವಾಸಕೋಶದಲ್ಲಿ ನೀರು ಸೇರುತ್ತಿದೆ ಎಂದೇ ತಿಳಿದು ಆಮ್ಲಜನಕ ಹಾಕಿ ಆಗಲೇ ಇಳಿಸಬೇಕು, ಚಕ್ರದ ಯಾವ ದಿನವಾದರೂ ಸರಿ.

ಕೊಡಗು ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಅಭ್ಯಾಸ ಮಾಡಿ ಯಂತ್ರವನ್ನು ಪರೀಕ್ಷಿಸುತ್ತೇವೆ ಎನ್ನುವವರಿಗೆ ಒಂದು ಮಾತು. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೂ 1,900 ಮೀಟರ್ ದಾಟಿ ಸ್ವಲ್ಪವೇ ಮೇಲಿದೆ. ಅಲ್ಲಿ ಕಾಲಿಗೆ ಅಭ್ಯಾಸವಾಗುತ್ತದೆ, ಅಂಕಿ ಹೆಚ್ಚೇನೂ ಇಳಿಯುವುದಿಲ್ಲ.

ಮಾತ್ರೆಗಳ ವಿಷಯ. ಎತ್ತರಕ್ಕೆ ಮುಂಚೆ ವೈದ್ಯರು ಬರೆಯುವ ಅಸಿಟಜೊಲಮೈಡ್ ಮೂತ್ರಪಿಂಡದ ಮೂಲಕ ಬೈಕಾರ್ಬನೇಟ್ ಹೊರಹಾಕಿ ರಕ್ತವನ್ನು ತುಸು ಆಮ್ಲೀಯ ಮಾಡುತ್ತದೆ, ಆಗ ಉಸಿರು ಹೆಚ್ಚುತ್ತದೆ. ವಾಡಿಕೆಯ ಪ್ರಮಾಣ 125 ಮಿ.ಗ್ರಾಂ. ದಿನಕ್ಕೆ ಎರಡು ಸಲ, ಹತ್ತುವ ಹಿಂದಿನ ದಿನದಿಂದ. ಬಸುರಿಯರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಸಲ್ಫಾ ಮಾತ್ರೆ ಆಗದವರು ಮೊದಲೇ ವೈದ್ಯರಿಗೆ ಹೇಳಬೇಕು. ಇನ್ನು ಮುಟ್ಟು ಮುಂದೂಡುವ ಮಾತ್ರೆ. ಹಬ್ಬಕ್ಕೆ, ಮದುವೆಗೆ ನಮ್ಮಲ್ಲಿ ಕೇಳಿ ಕೇಳಿ ತರುವ ನೊರೆಥಿಸ್ಟೆರಾನ್ ಕೇದಾರ, ಅಮರನಾಥ ಯಾತ್ರೆಯ ಚೀಲದಲ್ಲೂ ಇರುತ್ತದೆ. ಇದೂ ಪ್ರೊಜೆಸ್ಟರಾನ್ ಜಾತಿಯದೇ ತಾನೆ, ಉಸಿರಿಗೂ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಪ್ರಯೋಗಶಾಲೆಯಲ್ಲಿ ತಯಾರಾದ ಈ ಜಾತಿಯ ಮದ್ದುಗಳೆಲ್ಲ ಉಸಿರಿನ ಮೇಲೆ ಒಂದೇ ಥರ ನಡೆದುಕೊಳ್ಳುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ನೊರೆಥಿಸ್ಟೆರಾನ್‌ನ ಒಂದು ಪಾಲು ದೇಹದಲ್ಲಿ ಈಸ್ಟ್ರೊಜೆನ್ ಜಾತಿಯ ವಸ್ತುವಾಗಿ ಬದಲಾಗುತ್ತದೆ. ನೀರು ಕಡಿಮೆ ಕುಡಿದು, ಬಸ್ಸಿನಲ್ಲಿ ದಿನಗಟ್ಟಲೆ ಕೂತು ಎತ್ತರಕ್ಕೆ ಹೋಗುವವರಿಗೆ ರಕ್ತ ಹೆಪ್ಪುಗಟ್ಟುವ ಭಯ ಇದರಿಂದ ಹೆಚ್ಚು. ಮನೆಯಲ್ಲಿ ಯಾರಿಗಾದರೂ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸವಿದ್ದರೆ ಔಷಧಿ ಅಂಗಡಿಯವನ ಮಾತಿನ ಮೇಲೆ ಇದನ್ನು ನುಂಗಬಾರದು.

ಬಸುರಿಯ ಕೈಯಲ್ಲಿ ಇದೇ ಯಂತ್ರ ಬೇರೆ ಪಾಠ ಹೇಳುತ್ತದೆ. ಆರೋಗ್ಯವಂತ ಬಸುರಿಯರಲ್ಲೂ ನೂರಕ್ಕೆ ಅರವತ್ತು ಎಪ್ಪತ್ತು ಮಂದಿಗೆ ಯಾವಾಗಲಾದರೂ ಉಸಿರು ಸಾಲದು ಅನ್ನಿಸುತ್ತದೆ. ಹೊಟ್ಟೆ ಇನ್ನೂ ಕಾಣಿಸಿಕೊಳ್ಳದ ಮೂರನೇ ತಿಂಗಳಲ್ಲೂ ಅನ್ನಿಸಬಹುದು, ಏಕೆಂದರೆ ಕಾರಣ ಮಗು ಒತ್ತುವುದಷ್ಟೇ ಅಲ್ಲ, ಪ್ರೊಜೆಸ್ಟರಾನ್ ಕೂಡ. ನಿಮಿಷಕ್ಕೆ ಒಳಹೋಗುವ ಗಾಳಿ ಶೇ 30ರಿಂದ 50ರಷ್ಟು ಹೆಚ್ಚಿರುತ್ತದೆ, ರಕ್ತದ ಆಮ್ಲಜನಕ ಒಳ್ಳೆಯ ಮಟ್ಟದಲ್ಲೇ ಇರುತ್ತದೆ. ಹಾಗಾಗಿ ಊರಿನಲ್ಲಿ ಕೂತ ಬಸುರಿಗೆ ಏದುಸಿರಿದ್ದು ಆಕ್ಸಿಮೀಟರ್ 97, 98 ತೋರಿಸಿದರೆ ಸಮಾಧಾನಕ್ಕೆ ಒಂದು ಕಾರಣ ಸಿಕ್ಕಿತು. 95ಕ್ಕಿಂತ ಕೆಳಗೆ ನಿಂತರೆ ಅದನ್ನು ಹಾರ್ಮೋನಿನ ಲೆಕ್ಕಕ್ಕೆ ಬರೆಯಬಾರದು. ಹಾರ್ಮೋನು ಅಂಕಿಯನ್ನು ಇಳಿಸುವುದಿಲ್ಲ.

ಆದರೆ 98 ಬಂದರೂ ಮುಗಿಯಲಿಲ್ಲ. ಬಸ್ಸಿನ ಸೀಟಿನ ಹೋಲಿಕೆಗೆ ಮತ್ತೆ ಬನ್ನಿ. ಒಂದು ಗ್ರಾಂ ಹಿಮೊಗ್ಲೋಬಿನ್ ಪೂರ್ತಿ ತುಂಬಿದರೆ ಸುಮಾರು 1.34 ಮಿ.ಲೀ. ಆಮ್ಲಜನಕ ಹೊರುತ್ತದೆ. ಹಿಮೊಗ್ಲೋಬಿನ್ 8 ಇರುವ ಬಸುರಿ ಊರಿನಲ್ಲಿ 98 ತೋರಿಸುತ್ತ ಕೂತಿದ್ದರೆ ಅವಳ ನೂರು ಮಿ.ಲೀ. ರಕ್ತದಲ್ಲಿರುವುದು ಹತ್ತೂವರೆ ಮಿ.ಲೀ. ಆಮ್ಲಜನಕ. ಹಿಮೊಗ್ಲೋಬಿನ್ 13 ಇದ್ದು ಲೇಹ್‌ನಲ್ಲಿ 90 ತೋರಿಸುವವಳಲ್ಲಿ ಹದಿನೈದೂವರೆಗೂ ಹೆಚ್ಚು. ಯಂತ್ರದ ಅಂಕಿ ನೋಡಿದರೆ ಮೊದಲನೆಯವಳು ಸುಖಿ, ರಕ್ತದ ಲೆಕ್ಕ ನೋಡಿದರೆ ಎರಡನೆಯವಳು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ 15ರಿಂದ 49 ವಯಸ್ಸಿನ ಭಾರತದ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇತ್ತು. ಇಂಥ ದೇಶದಲ್ಲಿ ಡಬ್ಬಿಯ ಕಾಗದದಲ್ಲಿ ಹಿಮೊಗ್ಲೋಬಿನ್ ಬಗ್ಗೆ ಒಂದು ಸಾಲು ಇಲ್ಲದಿರುವುದು ಈ ಯಂತ್ರದ ಮೇಲಿನ ನಮ್ಮ ದೊಡ್ಡ ದೂರು. ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವುದು, ಎದೆನೋವು, ಒಂದೇ ಕಾಲು ಊದುವುದು, ಕೆಮ್ಮಿದರೆ ರಕ್ತ, ಇವಿದ್ದರೆ ಪರದೆಯಲ್ಲಿ 99 ಇದ್ದರೂ ಅದನ್ನು ಕೆಳಗಿಟ್ಟು ಆಸ್ಪತ್ರೆಗೆ ಹೊರಡಬೇಕು. ಹೃದಯದ ಕವಾಟದ ತೊಂದರೆ, ಶ್ವಾಸಕೋಶಕ್ಕೆ ಹೋದ ರಕ್ತದ ಗೆಡ್ಡೆ ಬಸುರಿನ ಸಹಜ ಏದುಸಿರಿನ ವೇಷದಲ್ಲೇ ಬರುತ್ತವೆ.

ಇನ್ನೊಂದು ಎಚ್ಚರ. ಯಂತ್ರ ಸರಿಯಿದೆಯೇ ನೋಡಲು ಉಸಿರು ಹಿಡಿದು ಅಂಕಿ ಇಳಿಸುವ ಆಟ ಇದೆಯಲ್ಲ, ಬಸುರಿಯರು ಅದನ್ನು ಆಡಬಾರದು. ಅವರ ದೇಹದ ಆಮ್ಲಜನಕದ ಖರ್ಚು ಸುಮಾರು ಶೇ 20 ಹೆಚ್ಚು, ಉಸಿರು ಬಿಟ್ಟ ಮೇಲೆ ಶ್ವಾಸಕೋಶದಲ್ಲಿ ಉಳಿಯುವ ದಾಸ್ತಾನು ಸುಮಾರು ಅಷ್ಟೇ ಕಡಿಮೆ. ಉಸಿರು ನಿಂತರೆ ಅವರ ಅಂಕಿ ಬೇರೆಯವರಿಗಿಂತ ಬೇಗ ಕುಸಿಯುತ್ತದೆ. ಎತ್ತರದ ಊರುಗಳಲ್ಲಿ ಬಸುರಿಯ ಉಸಿರು ಇನ್ನಷ್ಟು ದುಡಿಯುತ್ತದೆ. ಆದರೂ ಎತ್ತರ ತನ್ನ ಸುಂಕ ವಸೂಲಿ ಮಾಡಿಯೇ ಮಾಡುತ್ತದೆ: ಪ್ರತಿ ಸಾವಿರ ಮೀಟರಿಗೆ ಹುಟ್ಟುವ ಮಗುವಿನ ತೂಕ ಸುಮಾರು ನೂರು ಗ್ರಾಂ ಕಡಿಮೆ. ತಲೆಮಾರುಗಳಿಂದ ಅಲ್ಲೇ ಬಾಳಿದ ಟಿಬೆಟ್, ಆಂಡೀಸ್‌ನ ಜನರಲ್ಲಿ ಈ ಕೊರತೆ ಕಡಿಮೆ. ಟಿಬೆಟಿನಲ್ಲಿ ಸಿಂಥಿಯಾ ಬೀಲ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ರಕ್ತದಲ್ಲಿ ಆಮ್ಲಜನಕ ಹೆಚ್ಚಿರುವ ಗುಣ ಪಡೆದ ತಾಯಂದಿರ ಮಕ್ಕಳು ಹೆಚ್ಚು ಬದುಕಿ ಉಳಿದಿದ್ದರು. ಅವರೆಲ್ಲ ಅಲ್ಲೇ ಹುಟ್ಟಿದವರು. ಬೆಂಗಳೂರಿನಿಂದ ಎರಡೂವರೆ ಗಂಟೆಯಲ್ಲಿ ದೆಹಲಿ, ಅಲ್ಲಿಂದ ಒಂದೂವರೆಯಲ್ಲಿ ಲೇಹ್ ಇಳಿಯುವ ಬಸುರಿಗೆ ಆ ಸೌಲಭ್ಯ ಇಲ್ಲ.

ಮೂರನೆಯ ಗಿರಾಕಿ ಮುಟ್ಟು ನಿಂತವರು. ಪ್ರೊಜೆಸ್ಟರಾನ್, ಈಸ್ಟ್ರೊಜೆನ್ ಎರಡೂ ಇಳಿದ ಮೇಲೆ ಉಸಿರಿಗಿದ್ದ ಆ ಹೆಚ್ಚಿನ ತಳ್ಳುವಿಕೆ ಹೋಗುತ್ತದೆ. ಇದು ಢಾಳಾಗಿ ಕಂಡದ್ದು ಪೆರುವಿನ ಗಣಿ ಊರು ಸೆರೊ ದೆ ಪಾಸ್ಕೊದಲ್ಲಿ, ಸುಮಾರು 4,300 ಮೀಟರ್ ಎತ್ತರದಲ್ಲಿ. ಪೆರುವಿನ ವೈದ್ಯ ಕಾರ್ಲೋಸ್ ಮೊಂಗೆ 1925ರಲ್ಲಿ ಗುರುತಿಸಿದ ಎತ್ತರದ ದೀರ್ಘಕಾಲೀನ ಕಾಯಿಲೆಯಲ್ಲಿ ರಕ್ತ ಮಂದವಾಗುತ್ತದೆ, ತುಟಿ ನೀಲಿಗಟ್ಟುತ್ತದೆ. ಅದು ಗಂಡಸರ ಕಾಯಿಲೆ ಎಂಬ ಹೆಸರಿತ್ತು. ಅಲ್ಲಿನ ಹೆಂಗಸರನ್ನು ಅಳೆದಾಗ ಮುಟ್ಟು ನಿಂತವರಲ್ಲಿ ಅದು ಏರುವುದು ಕಂಡಿತು. ಅಮೆರಿಕದ ಎತ್ತರದ ಊರಾದ ಲೆಡ್‌ವಿಲ್‌ನಲ್ಲಿ 1970ರ ದಶಕದಲ್ಲಿ ಇದೇ ಕಾಯಿಲೆಯ ಗಂಡಸರಿಗೆ ಪ್ರೊಜೆಸ್ಟರಾನ್ ಜಾತಿಯ ಮೆಡ್ರಾಕ್ಸಿಪ್ರೊಜೆಸ್ಟರಾನ್ ಕೊಟ್ಟು ಉಸಿರು ಹೆಚ್ಚಿಸಿ ರಕ್ತ ತಿಳಿಯಾಗಿಸಿದ್ದೂ ಉಂಟು.

ನಮ್ಮ ಊರುಗಳಲ್ಲಿ ಇದರ ರೂಪ ರಾತ್ರಿಯ ಗೊರಕೆ. ಅಮೆರಿಕದ ಪೆನ್ಸಿಲ್ವೇನಿಯಾದ ಜನರ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆ ಮುಟ್ಟಾಗುವ ಹೆಂಗಸರಲ್ಲಿ ಶೇ 0.6, ಮುಟ್ಟು ನಿಂತು ಹಾರ್ಮೋನು ತೆಗೆದುಕೊಳ್ಳದವರಲ್ಲಿ ಶೇ 2.7 ಇತ್ತು. ವಯಸ್ಸು, ಕತ್ತಿನ ಕೊಬ್ಬು ಎಲ್ಲ ಸೇರಿ ಆಗುವ ಕೆಲಸ ಇದು. ಹಾಗಂತ ಗೊರಕೆಗೆ ಹಾರ್ಮೋನು ಮಾತ್ರೆ ಮದ್ದು ಎಂದು ಯಾರೂ ಬರೆದುಕೊಡುವುದಿಲ್ಲ.

ಈ ಕೆಲಸಕ್ಕೆ ಬೆರಳ ಕ್ಲಿಪ್ಪು ನಾಲಾಯಕ್ಕು ಎಂದೇ ಹೇಳಬೇಕು. ಮಗ್ಗುಲು ಬದಲಿಸಿದರೆ ಜಾರುತ್ತದೆ, ಅಂಕಿ ಉಳಿಸಿಕೊಳ್ಳುವುದಿಲ್ಲ, ಹಗಲಿನಲ್ಲಿ ಎಚ್ಚರವಿದ್ದಾಗ ಅಳೆದರೆ 97 ಬರುತ್ತದೆ, ಏನೂ ಇಲ್ಲ ಎಂದು ಮನೆಯವರು ನಿರಾಳವಾಗುತ್ತಾರೆ. ರಾತ್ರಿಗೆ ಬೇಕಾದದ್ದು ಮಣಿಕಟ್ಟಿಗೆ ಕಟ್ಟಿ ಬೆರಳಿಗೆ ಮೆತ್ತನೆಯ ತೊಡುಗೆ ಹಾಕುವ, ಪ್ರತಿ ಸೆಕೆಂಡಿನ ಅಂಕಿ ದಾಖಲಿಸುವ ಮಾದರಿ. ಬೆಲೆ ಹಲವು ಪಟ್ಟು. ಅದರಲ್ಲೂ ಸರಾಸರಿ ತೆಗೆಯುವ ಅವಧಿ ಮೂರು ಸೆಕೆಂಡಿಗಿಂತ ಹೆಚ್ಚಿದ್ದರೆ ಸಣ್ಣ ಸಣ್ಣ ಇಳಿತಗಳು ಸವೆದು ಕಾಣದಾಗುತ್ತವೆ. ಹೆಂಗಸರ ಮಟ್ಟಿಗೆ ಇದು ದೊಡ್ಡ ಕೊರತೆ: ಅವರಲ್ಲಿ ಉಸಿರು ನಿಲ್ಲುವ ಅವಧಿ ಚಿಕ್ಕದು, ಹೆಚ್ಚಾಗಿ ಕನಸಿನ ನಿದ್ದೆಯಲ್ಲಿ ಗುಂಪುಗುಂಪಾಗಿ ಬರುತ್ತದೆ, ಆಮ್ಲಜನಕ ಇಳಿಯುವುದರೊಳಗೆ ಎಚ್ಚರವಾಗಿಬಿಡುತ್ತದೆ. ಯಂತ್ರ ಚೆನ್ನಾಗಿದೆ ಎನ್ನುತ್ತದೆ, ಬೆಳಿಗ್ಗೆ ತಲೆ ಭಾರ, ಮಧ್ಯಾಹ್ನ ತೂಕಡಿಕೆ ಹೋಗುವುದಿಲ್ಲ. ಲಕ್ಷಣ ಬಲವಾಗಿದ್ದರೆ ರಾತ್ರಿಯ ಈ ದಾಖಲೆ ಶುದ್ಧವಾಗಿ ಬಂದರೂ ಪೂರ್ತಿ ನಿದ್ದೆ ಪರೀಕ್ಷೆ ಮಾಡಿಸಬೇಕು. ಹೊಳೆಯುವ ಕೈಗಡಿಯಾರಗಳ ಅಂಕಿಯನ್ನು ಈ ತೀರ್ಮಾನಕ್ಕೆ ತರಲೇಬೇಡಿ.

ಕೊಳ್ಳುವಾಗ ನೋಡಬೇಕಾದ್ದು ಕೆಲವೇ. ಪರದೆಯಲ್ಲಿ ಅಂಕಿಯ ಜೊತೆ ನಾಡಿಯ ಅಲೆ ಮತ್ತು ಪಿಐ ಎಂಬ ರಕ್ತ ಹರಿವಿನ ಅಂಕಿ ಎರಡೂ ಇರಬೇಕು. ಬರೀ ಕಂಬ ಏರಿಳಿಯುವ ಅಗ್ಗದ ಮಾದರಿ ಬೇಡ. ಪಿಐ 0.5ಕ್ಕಿಂತ ಕೆಳಗಿದ್ದರೆ ಕೈ ಬಿಸಿ ಮಾಡಿ ಮತ್ತೆ ಅಳೆಯಿರಿ. ಮಣಿಕಟ್ಟಿನ ನಾಡಿಯನ್ನು ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿ. ಯಂತ್ರದ ನಾಡಿಗೂ ಇದಕ್ಕೂ ಐದಾರಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ಹೊತ್ತಿನ ಆಮ್ಲಜನಕದ ಅಂಕಿಯನ್ನೂ ನಂಬಬೇಡಿ. ಡಬ್ಬಿಯ ಮೇಲೆ ತಯಾರಿಕೆಯ ಅಥವಾ ಆಮದಿನ ಪರವಾನಗಿ ಸಂಖ್ಯೆ, ಅದರಲ್ಲಿ ವೈದ್ಯಕೀಯ ಸಾಧನ ಎಂಬುದಕ್ಕೆ ‘ಎಂಡಿ’ ಎಂಬ ಅಕ್ಷರ ಇದೆಯೇ ನೋಡಿ. 2021ರ ಜುಲೈನಲ್ಲಿ ಸರ್ಕಾರ ವ್ಯಾಪಾರದ ಲಾಭಾಂಶಕ್ಕೆ ಶೇ 70ರ ಮಿತಿ ಹಾಕಿದ ಸಾಧನಗಳಲ್ಲಿ ಇದೂ ಒಂದಾಗಿತ್ತು. ಪೆನ್ನು ಸಿಕ್ಕಿಸಿ ಅಂಕಿ ಬಂದರೆ ನಕಲಿ ಎಂಬ ಪರೀಕ್ಷೆ ಪೂರ್ತಿ ನಂಬುವಂಥದ್ದಲ್ಲ. ಕೈ ನಡುಗಿದರೆ ಅಸಲಿಯೂ ಸುಳ್ಳು ನಾಡಿ ಹಿಡಿಯುತ್ತದೆ. ಆಸ್ಪತ್ರೆಯ ಮಾನಿಟರ್ ಪಕ್ಕದಲ್ಲಿಟ್ಟು ಒಮ್ಮೆ ತಾಳೆ ನೋಡುವುದು ಅದಕ್ಕಿಂತ ಮೇಲು.

ಕಪ್ಪು, ನೀಲಿ, ಗಾಢ ಹಸಿರು ಉಗುರುಬಣ್ಣ ಅಂಕಿಯನ್ನು ಕೆಡಿಸಬಹುದು, ಒರೆಸಿಬಿಡಿ. ಅಂಟಿಸಿದ ಉಗುರಿದ್ದರೆ ಕಿವಿಯ ತುದಿಗೆ ಹಾಕುವ ಕ್ಲಿಪ್ಪಿನ ಮಾದರಿ ಬೇಕಾಗುತ್ತದೆ, ಬೆರಳಿನದನ್ನೇ ಕಿವಿಗೆ ಸಿಕ್ಕಿಸಿದರೆ ಲೆಕ್ಕ ತಪ್ಪುತ್ತದೆ. ಕೆಂಪು ಮದರಂಗಿ ಹೆಚ್ಚು ತೊಂದರೆ ಕೊಡುವುದಿಲ್ಲ, ಮದುವೆ ಮನೆಯ ಕಪ್ಪು ಮೆಹಂದಿ ಬೆಳಕನ್ನೇ ತಡೆಯಬಹುದು. ಇನ್ನು ಮೈಬಣ್ಣ. ಅಮೆರಿಕದಲ್ಲಿ 2020ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ, ಯಂತ್ರ 92ರಿಂದ 96 ತೋರಿಸುತ್ತಿದ್ದರೂ ರಕ್ತದಲ್ಲಿ ನಿಜವಾಗಿ 88ಕ್ಕಿಂತ ಕಡಿಮೆ ಇದ್ದ ಪ್ರಸಂಗಗಳು ಕಪ್ಪು ವರ್ಣೀಯರಲ್ಲಿ ಬಿಳಿಯರಿಗಿಂತ ಸುಮಾರು ಮೂರು ಪಟ್ಟು. ಎಣ್ಣೆಗಪ್ಪಿನವರು ಒಂದೆರಡು ಅಂಕಿ ಕಡಿಮೆ ಹಿಡಿದೇ ಲೆಕ್ಕ ಹಾಕಿಕೊಳ್ಳುವುದು ಜಾಣತನ. ಲಡಾಖಿನ ಕೋಣೆಗಳಲ್ಲಿ ಕಿಟಕಿ ಮುಚ್ಚಿ ಬುಖಾರಿ ಎಂಬ ಕೋಣೆ ಕಾಯಿಸುವ ಒಲೆ ಹಚ್ಚಿ ಮಲಗಿದರೆ ಇಂಗಾಲದ ಮೊನಾಕ್ಸೈಡ್ ಹಿಡಿದ ಹಿಮೊಗ್ಲೋಬಿನ್ ಕೂಡ ಈ ಯಂತ್ರಕ್ಕೆ ಆಮ್ಲಜನಕ ಹೊತ್ತಂತೆಯೇ ಕಾಣುತ್ತದೆ. ಎಲ್ಲರಿಗೂ ಒಟ್ಟಿಗೆ ತಲೆನೋವು, ಪರದೆಯಲ್ಲಿ ಮಾತ್ರ ಒಳ್ಳೆಯ ಅಂಕಿ ಎಂದಾದರೆ ಮೊದಲು ಬಾಗಿಲು ತೆಗೆದು ಹೊರಗೆ ಬನ್ನಿ.

ಸೆಲ್ಲಿನದೊಂದು ತಾಪತ್ರಯ. ಡಬ್ಬಿಯಲ್ಲಿ ಬರುವ ಸೆಲ್ಲು ಮೈನಸ್ ಚಳಿಯಲ್ಲಿ ಬೇಗ ಕೈಕೊಡುತ್ತದೆ. ಪರದೆ ಮಂಕಾದಂತೆ ಅಂಕಿಯೂ ಓಲಾಡತೊಡಗುತ್ತದೆ. ರಾತ್ರಿ ಯಂತ್ರವನ್ನು ಮಲಗುವ ಚೀಲದೊಳಗೆ, ಹೆಚ್ಚುವರಿ ಸೆಲ್ಲನ್ನು ಒಳಜೇಬಿನಲ್ಲಿ ಇಟ್ಟುಕೊಳ್ಳಿ. ಊರಿಗೆ ಬಂದ ಮೇಲೆ ಸೆಲ್ಲು ತೆಗೆದಿಡಿ, ಇಲ್ಲವಾದರೆ ಮುಂದಿನ ಚಾರಣದ ಹೊತ್ತಿಗೆ ಅದು ಸೋರಿ ಒಳಗಿನ ಸ್ಪ್ರಿಂಗಿಗೆ ತುಕ್ಕು ಹಿಡಿಸಿರುತ್ತದೆ.